ಬಾಯಲ್ಲಿ ಬರುತ್ತದೆ, ಪೆನ್ನಿನಲ್ಲಿ ನಿಲ್ಲುತ್ತದೆ: ಮನೆಯ ತೆಲುಗು ಬಿಡಿಸಬೇಕೇ?

ಪ್ರಶ್ನೆ: ಮೇಡಂ, ನಾವು ಸಿರುಗುಪ್ಪ ತಾಲ್ಲೂಕಿನ ಒಂದು ಕ್ಯಾಂಪಿನವರು. ಮನೆಯಲ್ಲಿ ತೆಲುಗು, ಹೊರಗೆ ಕನ್ನಡ. ಮಗಳು ಏಳನೇ ತರಗತಿವರೆಗೆ ಊರಿನ ಕನ್ನಡ ಶಾಲೆಯಲ್ಲಿ ಓದಿದಳು, ಎಂಟಕ್ಕೆ ಪಟ್ಟಣದ ಇಂಗ್ಲಿಷ್ ಮೀಡಿಯಂಗೆ ಹಾಕಿದೆವು. ಈಗ ಒಂಬತ್ತು. ಪಾಠ ಕೇಳಿದರೆ ಬಾಯಲ್ಲಿ ಚೆನ್ನಾಗಿ ಹೇಳುತ್ತಾಳೆ. ಬರೆಯಲು ಕೂತರೆ ಮೂರನೇ ಸಾಲಿಗೆ ನಿಂತುಬಿಡುತ್ತಾಳೆ. ವಾಕ್ಯ ಅರ್ಧಕ್ಕೆ ಬಿಡುತ್ತಾಳೆ, ಬರೆದದ್ದನ್ನೇ ಮತ್ತೆ ಬರೆಯುತ್ತಾಳೆ. ಬರೆಯುವಷ್ಟರಲ್ಲಿ ಮರೆತೇಹೋಗುತ್ತದೆ, "ರಾಸೇಲೋಪಲೇ ಮರ್ಚಿಪೋತಾನಮ್ಮಾ" ಎಂದು ಅಳುತ್ತಾಳೆ. ಮೂರು ಭಾಷೆ ಸೇರಿ ತಲೆಯಲ್ಲಿ ಜಾಗ ಇಲ್ಲದಂತಾಗಿದೆ, ಮನೆಯಲ್ಲಿ ತೆಲುಗು ನಿಲ್ಲಿಸಿ ಎಂದು ಟ್ಯೂಷನ್ ಸರ್ ಹೇಳಿದರು. ಎರಡು ತಿಂಗಳಿಂದ ಅವಳ ಜೊತೆ ಬರುವಷ್ಟು ಇಂಗ್ಲಿಷ್, ಇಲ್ಲದಿದ್ದರೆ ಕನ್ನಡ ಮಾತಾಡುತ್ತಿದ್ದೇವೆ. ನಮ್ಮ ಅತ್ತೆಗೆ ತೆಲುಗು ಬಿಟ್ಟು ಬೇರೆ ಬರುವುದಿಲ್ಲ, ಹಾಗಾಗಿ ಅಜ್ಜಿ ಮೊಮ್ಮಗಳ ಮಾತೇ ನಿಂತಿದೆ. ಬರವಣಿಗೆ ಮಾತ್ರ ಹಾಗೇ ಇದೆ. ಇದು ಮರೆವಿನ ಕಾಯಿಲೆಯೇ? ನೆನಪಿನ ಟಾನಿಕ್ ಕೊಡಬೇಕೇ? ಮತ್ತೆ ಕನ್ನಡ ಮೀಡಿಯಂಗೆ ಹಾಕಬೇಕೇ?

ಉತ್ತರ: ಮೊದಲು ಅಜ್ಜಿಯ ವಿಷಯ. ಆ ಮಾತು ಇವತ್ತು ಸಂಜೆಯೇ ಮತ್ತೆ ಶುರುವಾಗಲಿ. ಉಳಿದದ್ದನ್ನು ಸಾವಕಾಶವಾಗಿ ನೋಡೋಣ.

ನೀವು ಕೇಳಿದ್ದು ಮೂರು ಪ್ರಶ್ನೆ, ಆದರೆ ಮೂರರ ಹಿಂದೆಯೂ ಇರುವ ಅಂಜಿಕೆ ಒಂದೇ: ಮೂರು ಭಾಷೆಯಲ್ಲಿ ಬೆಳೆಸಿ ಮಗುವಿನ ತಲೆ ಕೆಡಿಸಿದೆವೇ ಎಂಬುದು. ಇಲ್ಲ. ಇಪ್ಪತ್ತು ವರ್ಷದಿಂದ ಬಳ್ಳಾರಿಯಲ್ಲಿ ಮಕ್ಕಳ ಮಾತು, ಓದು, ಬರಹದ ತೊಂದರೆ ನೋಡುತ್ತಿದ್ದೇನೆ. ಒಂದೇ ಭಾಷೆಯ ಮಗು ನನ್ನ ಕೋಣೆಗೆ ಬರುವುದೇ ಅಪರೂಪ. ನಾನೂ ರಾಯಚೂರಿನ ಗಲ್ಲಿಯಲ್ಲಿ ಬೆಳೆದವಳು: ಮನೆಯಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ಉರ್ದು, ಕಿರಾಣಿ ಅಂಗಡಿಯಲ್ಲಿ ತೆಲುಗು. ಈ ಸೀಮೆ ಮೊದಲಿನಿಂದಲೂ ಹೀಗೇ. 1956ರವರೆಗೆ ರಾಯಚೂರು, ಕೊಪ್ಪಳ ಹೈದರಾಬಾದಿಗೆ ಸೇರಿದ್ದವು; 1953ರವರೆಗೆ ಬಳ್ಳಾರಿ ಮದ್ರಾಸಿನಲ್ಲಿತ್ತು. ತುಂಗಭದ್ರೆಯ ಕಾಲುವೆ ನೀರು ಹರಿದ ಮೇಲೆ ನಿಮ್ಮ ಹಿರಿಯರಂಥವರು ಆಂಧ್ರದ ಕಡೆಯಿಂದ ಬಂದು ಕ್ಯಾಂಪ್ ಕಟ್ಟಿದರು. ಸಿಂಧನೂರಿನ ಆರ್.ಎಚ್. ಕ್ಯಾಂಪುಗಳಲ್ಲಿ, ಅಂದರೆ ನಿರಾಶ್ರಿತರ ಪುನರ್ವಸತಿ ಕ್ಯಾಂಪುಗಳಲ್ಲಿ, ಬಂಗಾಳಿ ಕೂಡ ಇದೆ. ಭಾಷೆ ಹೆಚ್ಚಾದರೆ ತಲೆಯಲ್ಲಿ ಜಾಗ ಸಾಲದೆ ಹೋಗುವುದು ನಿಜವಾಗಿದ್ದರೆ ಇಲ್ಲಿ ಯಾರೂ ಒಂದು ಅರ್ಜಿ ಬರೆಯಲೂ ಆಗುತ್ತಿರಲಿಲ್ಲ.

ನಿಮ್ಮ ಟ್ಯೂಷನ್ ಸರ್ ಮಾತು ಅವರದೇ ಕಲ್ಪನೆಯಲ್ಲ, ಅದಕ್ಕೆ ನೂರು ವರ್ಷದ ಚರಿತ್ರೆಯಿದೆ. 1923ರಲ್ಲಿ ಸೇರ್ ಎಂಬವರು ವೇಲ್ಸ್ ದೇಶದ ಮಕ್ಕಳನ್ನು ಪರೀಕ್ಷಿಸಿ, ಎರಡು ಭಾಷೆಯ ಹಳ್ಳಿ ಮಕ್ಕಳು ಬುದ್ಧಿಪರೀಕ್ಷೆಯಲ್ಲಿ ಹಿಂದಿದ್ದಾರೆ, ಅವರಿಗೆ ಮಾನಸಿಕ ಗೊಂದಲವಿದೆ ಎಂದು ಬರೆದರು. ಪಟ್ಟಣದ ಮಕ್ಕಳಲ್ಲಿ ಆ ಹಿಂದುಳಿಕೆ ಕಂಡಿರಲಿಲ್ಲ. ಅಂದರೆ ಅಳತೆಗೆ ಸಿಕ್ಕಿದ್ದು ಭಾಷೆಗಿಂತ ಹೆಚ್ಚಾಗಿ ಬಡತನ ಮತ್ತು ಶಾಲೆ. 1962ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಪೀಲ್ ಮತ್ತು ಲ್ಯಾಂಬರ್ಟ್ ಮನೆಯ ಸ್ಥಿತಿಗತಿ ಸರಿಸಮ ಇರುವ ಹತ್ತು ವರ್ಷದ ಮಕ್ಕಳನ್ನೇ ಆರಿಸಿ ಹೋಲಿಸಿದಾಗ, ಎರಡು ಭಾಷೆಯವರು ಹಿಂದೆ ಬೀಳುವುದಿರಲಿ, ಮುಂದೆಯೇ ಇದ್ದರು. ಆಮೇಲೆ ಗಾಳಿ ಇನ್ನೊಂದು ಕಡೆ ಬೀಸಿತು. ಎರಡು ಭಾಷೆ ಬಂದರೆ ಬುದ್ಧಿ ಚುರುಕು, ನೆನಪು ಗಟ್ಟಿ ಎಂದು ಪತ್ರಿಕೆಗಳೆಲ್ಲ ಬರೆದವು. ಅದನ್ನೂ ಪೂರ್ತಿ ನಂಬಬೇಡಿ. ದೊಡ್ಡವರ ಮೇಲೆ ನಡೆದ 152 ಅಧ್ಯಯನಗಳನ್ನು 2018ರಲ್ಲಿ ಒಟ್ಟಿಗೆ ತೂಗಿ ನೋಡಿದಾಗ, ಅನುಕೂಲವಾದ ಫಲಿತಾಂಶವೇ ಹೆಚ್ಚು ಅಚ್ಚಾಗುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿದ ಮೇಲೆ ಅಂಥ ಲಾಭವೇನೂ ಉಳಿಯಲಿಲ್ಲ. ತೆಲುಗು ನಿಮ್ಮ ಮಗಳಿಗೆ ವಿಷವೂ ಅಲ್ಲ, ಟಾನಿಕ್ಕೂ ಅಲ್ಲ. ಅದು ಅವಳ ಮನೆಮಾತು, ಅಷ್ಟೇ.

ಹಾಗಾದರೆ ಬಾಯಲ್ಲಿ ಬಂದದ್ದು ಪೆನ್ನಿಗೆ ಯಾಕೆ ಬರುವುದಿಲ್ಲ?

ವರ್ಕಿಂಗ್ ಮೆಮೊರಿ ಎನ್ನುತ್ತಾರಲ್ಲ, ಅದು ವರ್ಷಗಟ್ಟಲೆ ಕೂಡಿಡುವ ನೆನಪಲ್ಲ. ಈ ಗಳಿಗೆಯಲ್ಲಿ ಒಂದು ಕೆಲಸ ಮಾಡಲು ಮನಸ್ಸಿನಲ್ಲಿ ಹಿಡಿದುಕೊಂಡಿರುವಷ್ಟು ನೆನಪು. ನಾನದನ್ನು ಕೈಯಲ್ಲಿರುವ ನೆನಪು ಎನ್ನುತ್ತೇನೆ. 1974ರಲ್ಲಿ ಬ್ಯಾಡ್ಲಿ ಮತ್ತು ಹಿಚ್ ಎಂಬ ಮನೋವಿಜ್ಞಾನಿಗಳು ಇದರ ಒಂದು ನಕ್ಷೆ ಕೊಟ್ಟರು: ಕೇಳಿದ ಪದಗಳನ್ನು ಒಳಗೊಳಗೇ ಗುನುಗಿ ಉಳಿಸಿಕೊಳ್ಳುವ ಒಂದು ಭಾಗ, ಕಂಡದ್ದನ್ನು ಇಟ್ಟುಕೊಳ್ಳುವ ಇನ್ನೊಂದು, ಇವೆರಡನ್ನೂ ನಡೆಸುವ ಯಜಮಾನ ಒಬ್ಬ. ಈ ಯಜಮಾನನಿಗೆ ಒಮ್ಮೆಗೆ ಬಹಳ ಕೆಲಸ ಆಗುವುದಿಲ್ಲ. ಯಾರಿಗೂ ಆಗುವುದಿಲ್ಲ, ನನಗೂ ಅಷ್ಟೇ.

ನೀವು ಅನ್ನದ ಸೀಮೆಯವರಾದರೂ ರೊಟ್ಟಿ ಬಡಿಯುವುದನ್ನು ನೋಡಿರುತ್ತೀರಿ. ಪಳಗಿದ ಕೈಯವಳು ರೊಟ್ಟಿ ಬಡಿಯುತ್ತಲೇ ಊರಿನ ಸುದ್ದಿಯೆಲ್ಲ ಹೇಳುತ್ತಾಳೆ, ಹಂಚಿನ ಮೇಲಿನದನ್ನು ತಿರುವುತ್ತಾಳೆ, ಮಗನಿಗೆ ಬೈಯುತ್ತಾಳೆ. ಹೊಸದಾಗಿ ಕಲಿಯುವವಳನ್ನು ಅದೇ ಹೊತ್ತಿಗೆ ಮಾತಾಡಿಸಿ ನೋಡಿ, ರೊಟ್ಟಿ ಹರಿಯುತ್ತದೆ. ಇಲ್ಲಾ, "ಏನಂದ್ರಿ?" ಎನ್ನುತ್ತಾಳೆ. ಅವಳ ಕಿವಿ ಕೆಟ್ಟಿಲ್ಲ, ಬುದ್ಧಿ ಕಡಿಮೆಯಾಗಿಲ್ಲ. ಗಮನವೆಲ್ಲ ಅಂಗೈಯಲ್ಲಿದೆ. ನಿಮ್ಮ ಮಗಳು ಇಂಗ್ಲಿಷಿನಲ್ಲಿ ಬರೆಯುವಾಗ ಆಗುತ್ತಿರುವುದು ಇದೇ.

ಫ್ರಾನ್ಸಿನ ಬೂರ್ದ್ಯಾಂ ಮತ್ತು ಫಯೋಲ್ 1994ರಲ್ಲಿ ಮಾಡಿದ ಪ್ರಯೋಗ ಇಲ್ಲಿ ಬಹಳ ಉಪಯುಕ್ತ. ಕೆಲವು ಪದಗಳನ್ನು ಕೇಳಿಸಿ, ಮಕ್ಕಳಿಗೆ ಒಮ್ಮೆ ಬಾಯಲ್ಲಿ ಹೇಳಲು, ಒಮ್ಮೆ ಬರೆಯಲು ಹೇಳಿದರು. ಬರೆಯುವಾಗ ಮಕ್ಕಳಿಗೆ ನೆನಪಾದ ಪದಗಳೇ ಕಡಿಮೆ. ದೊಡ್ಡವರಲ್ಲಿ ಆ ವ್ಯತ್ಯಾಸ ಇರಲಿಲ್ಲ. ಆದರೆ ಅದೇ ದೊಡ್ಡವರಿಗೆ ರೂಢಿಯಿಲ್ಲದ ರೀತಿಯ ಅಕ್ಷರದಲ್ಲಿ ಬರೆಯಿರಿ ಎಂದಾಗ ಅವರೂ ಮಕ್ಕಳಂತೆ ಮರೆತರು. ಇದು ಒಂದೇ ಭಾಷೆಯಲ್ಲಿ ನಡೆದದ್ದು, ಎರಡನೇ ಭಾಷೆಯ ಸುಳಿವೇ ಇಲ್ಲ. ಕೈಗೆ ರೂಢಿಯಾಗದ ಅಕ್ಷರ ಒಂದೇ ಸಾಕು, ನೆನಪನ್ನು ತಿನ್ನಲು.

ಇದಕ್ಕೆ ಇಂಗ್ಲಿಷ್ ಸ್ಪೆಲಿಂಗ್ ಸೇರಿಸಿ. ಕನ್ನಡದಲ್ಲಿ ಬಾಯಿಗೆ ಬಂದದ್ದೇ ಬಹುಪಾಲು ಕೈಗೆ ಬರುತ್ತದೆ. ಫೋಟೋಸಿಂಥೆಸಿಸ್ ಬರೆಯಬೇಕಾದರೆ ಎಫ್ ಅಲ್ಲ, ಪಿ ಎಚ್. ಐ ಅಲ್ಲ, ವೈ. ಕೊನೆಗೆ ಎಸ್ ಎಷ್ಟು ಎಂದೆಲ್ಲ ಯೋಚಿಸಬೇಕು. ಆ ಹದಿನಾಲ್ಕು ಅಕ್ಷರ ದಾಟುವಷ್ಟರಲ್ಲಿ ವಾಕ್ಯದ ಉಳಿದ ಭಾಗ ಜಾರಿರುತ್ತದೆ. ಮಗು ಮತ್ತೆ ಮೊದಲಿಂದ ಓದುತ್ತದೆ, ಎಲ್ಲಿದ್ದೆ ಎಂದು ತಿಳಿಯದೆ ಬರೆದದ್ದನ್ನೇ ಬರೆಯುತ್ತದೆ. ನೀವು ಹೇಳಿದ "ಬರೆದದ್ದನ್ನೇ ಬರೆಯುವುದು" ಹೀಗೆ ಹುಟ್ಟುವುದು.

ಇನ್ನೊಂದು ಹೊರೆ ಕಣ್ಣಿಗೆ ಕಾಣುವುದಿಲ್ಲ. "ಎಲೆಗೆ ಹಸಿರು ಬಣ್ಣ ಕೊಡುವ ಕ್ಲೋರೋಫಿಲ್ ಬಿಸಿಲನ್ನು ಹೀರುತ್ತದೆ." ನಾವು ಯೋಚಿಸುವುದು ಈ ಕ್ರಮದಲ್ಲಿ. ಇಂಗ್ಲಿಷಿನಲ್ಲಿ ಮೊದಲು ಕ್ಲೋರೋಫಿಲ್ ಬರಬೇಕು, ಆಮೇಲೆ ಬಣ್ಣದ ಮಾತು, ಅದರೊಳಗೂ ಕೊಡುವುದು ಮೊದಲು, ಬಣ್ಣ ಆಮೇಲೆ. ಹೀರುವುದು ಬಿಸಿಲಿಗಿಂತ ಮುಂಚೆ. ಇಡೀ ವಾಕ್ಯವನ್ನು ತಲೆಯಲ್ಲಿ ಹಿಡಿದುಕೊಂಡು ಹಿಂದುಮುಂದು ಮಾಡಿ, ಆಮೇಲೆ ಕೈಗಿಳಿಸಬೇಕು. ತೆಲುಗಿನಲ್ಲಿ? ಕ್ರಮ ಕನ್ನಡದ್ದೇ, ಪದಕ್ಕೆ ಪದ ಕೂತುಕೊಳ್ಳುತ್ತದೆ. ತೆಲುಗಿನಿಂದ ಕನ್ನಡಕ್ಕೆ ಹೋಗುವುದು ಪಕ್ಕದ ಮನೆಗೆ ಹೋದಂತೆ, ಚಪ್ಪಲಿ ಕೂಡ ಬೇಕಾಗಿಲ್ಲ. ಭಾರ ಬೀಳುತ್ತಿರುವುದು ಇಂಗ್ಲಿಷಿನ ಕಡೆಗೆ ತಿರುಗುವಲ್ಲಿ. ಮನೆಯಲ್ಲಿ ತೆಲುಗು ನಿಲ್ಲಿಸಿದರೆ ಆ ಭಾರ ಒಂದು ಗುಂಜಿಯೂ ಇಳಿಯುವುದಿಲ್ಲ. ಎರಡು ತಿಂಗಳಾದರೂ ಬರವಣಿಗೆ ಹಾಗೇ ಇರುವುದಕ್ಕೆ ಕಾರಣ ಇದು.

ಸರ್ ಹೇಳಿದ್ದರಲ್ಲಿ ಒಂದು ಎಳೆ ನಿಜವಿದೆ, ಅದನ್ನು ಮುಚ್ಚಿಡುವುದಿಲ್ಲ. ಎರಡು ಭಾಷೆ ಬಲ್ಲವರ ತಲೆಯಲ್ಲಿ ಒಂದು ನಡೆಯುವಾಗ ಇನ್ನೊಂದು ನಿದ್ದೆ ಮಾಡುವುದಿಲ್ಲ, ಎರಡೂ ಎಚ್ಚರವಾಗಿಯೇ ಇರುತ್ತವೆ. ಬೇಕಾದ ಪದವನ್ನು ಆರಿಸಲು ಅಷ್ಟಿಷ್ಟು ಗಮನ ಖರ್ಚಾಗುತ್ತದೆ. ಭಾಷೆ ಎಳಸಾಗಿದ್ದಷ್ಟೂ ಖರ್ಚು ಹೆಚ್ಚು. 2001ರಲ್ಲಿ ಶೆನೊವೆತ್ ಮತ್ತು ಹೇಯ್ಸ್ ಎಂಬ ಸಂಶೋಧಕರು ಜರ್ಮನ್, ಫ್ರೆಂಚ್ ಕಲಿಯುತ್ತಿದ್ದವರು ಬರೆಯುವುದನ್ನು ಗಮನಿಸಿದರು. ಒಂದು ನಿಲುಗಡೆಯಿಂದ ಇನ್ನೊಂದಕ್ಕೆ ಎಷ್ಟು ಪದ ಒಂದೇ ಓಟದಲ್ಲಿ ಬರುತ್ತವೆ ಎಂದು ಎಣಿಸಿದರು. ಸ್ವಂತ ಭಾಷೆಯಲ್ಲಿ ಓಟ ಉದ್ದ, ಕಲಿಯುತ್ತಿರುವ ಭಾಷೆಯಲ್ಲಿ ಗಿಡ್ಡ. ರೂಢಿ ಹೆಚ್ಚಾದಂತೆ ಓಟವೂ ಉದ್ದವಾಗುತ್ತದೆ. ನಿಮ್ಮ ಮಗಳ ಓಟ ಈಗ ಗಿಡ್ಡ, ಅಷ್ಟೇ.

ಭಾಷೆಗೂ ಕೈಯಲ್ಲಿರುವ ನೆನಪಿಗೂ ಇರುವ ನಂಟು ನಿಮಗೇ ಗೊತ್ತು. ನಿಮ್ಮ ಮೊಬೈಲ್ ನಂಬರ್ ಹೇಳಿ ಎಂದರೆ ಕನ್ನಡದಲ್ಲಿ ಹೇಳುವವರು ಎಷ್ಟು ಮಂದಿ? ನಾವೆಲ್ಲ "ನೈನ್ ಏಟ್" ಎಂದೇ ಶುರು ಮಾಡುತ್ತೇವೆ. ಕಲಿತ ರೂಢಿ ಹೌದು, ಜೊತೆಗೆ ಇಂಗ್ಲಿಷ್ ಅಂಕಿಗಳು ಗಿಡ್ಡ. ವೇಲ್ಸ್ ಭಾಷೆಯ ಅಂಕಿಗಳನ್ನು ಉಚ್ಚರಿಸಲು ಇಂಗ್ಲಿಷಿಗಿಂತ ಹೆಚ್ಚು ಹೊತ್ತು ಬೇಕು, ಆದ್ದರಿಂದಲೇ ಅಲ್ಲಿನ ಎರಡು ಭಾಷೆಯ ಜನಕ್ಕೆ ವೇಲ್ಸ್ ಭಾಷೆಯಲ್ಲಿ ಕಡಿಮೆ ಅಂಕಿ ನೆನಪಿರುತ್ತವೆ ಎಂದು 1980ರಲ್ಲಿ ಎಲಿಸ್ ಮತ್ತು ಹೆನೆಲ್ಲಿ ತೋರಿಸಿದರು. ಅದೇ ಮನುಷ್ಯ, ಅದೇ ತಲೆ. ಭಾಷೆ ಬದಲಾದರೆ ಅಳತೆ ಬದಲಾಗುತ್ತದೆ. ಹಾಗಾಗಿ ಎಳಸಾದ ಭಾಷೆಯಲ್ಲಿ ಪರೀಕ್ಷಿಸಿ "ನಿಮ್ಮ ಮಗುವಿಗೆ ನೆನಪಿನ ಶಕ್ತಿ ಕಡಿಮೆ" ಎಂದು ಯಾರಾದರೂ ಚೀಟಿ ಬರೆದುಕೊಟ್ಟರೆ, ಯಾವ ಭಾಷೆಯಲ್ಲಿ ನೋಡಿದಿರಿ ಎಂದು ಕೇಳುವ ಹಕ್ಕು ನಿಮಗಿದೆ.

ಈಗ ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ. ಅವಳು ಚೆನ್ನಾಗಿ ಬಲ್ಲ ಒಂದು ಪಾಠ ತೆಗೆದುಕೊಳ್ಳಿ. ಒಂದು ದಿನ ಅಜ್ಜಿಗೆ ತೆಲುಗಿನಲ್ಲಿ ಹೇಳಲಿ. ಇನ್ನೊಂದು ದಿನ ನಿಮಗೆ ಇಂಗ್ಲಿಷಿನಲ್ಲಿ, ಬಂದಷ್ಟು, ಬಾಯಲ್ಲೇ ಹೇಳಲಿ. ಮೂರನೇ ದಿನ ಕನ್ನಡದಲ್ಲಿ ಬರೆಯಲಿ, ನಾಲ್ಕನೇ ದಿನ ಇಂಗ್ಲಿಷಿನಲ್ಲಿ ಬರೆಯಲಿ. ಕೊನೆಗೆ ಇಂಗ್ಲಿಷ್ ಪುಸ್ತಕದ ಹತ್ತು ಸಾಲು ಸುಮ್ಮನೆ ನೋಡಿ ಬರೆಯಲಿ, ಎಷ್ಟು ಹೊತ್ತು ಹಿಡಿಯುತ್ತದೆ ನೋಡಿ. ತಿದ್ದಬೇಡಿ, ಪಕ್ಕದಲ್ಲಿ ಕೂತು ನಿಟ್ಟುಸಿರನ್ನೂ ಬಿಡಬೇಡಿ. ಕನ್ನಡದ ಬರಹ ಸರಾಗವಾಗಿ ಬಂದರೆ ನೆನಪು, ಬರೆಯುವ ಶಕ್ತಿ ಎರಡೂ ಸರಿ ಇವೆ, ಇಂಗ್ಲಿಷ್ ಇನ್ನೂ ಮಾಗಿಲ್ಲ ಎಂದರ್ಥ. ಬಾಯಲ್ಲಿಯೂ ಇಂಗ್ಲಿಷ್ ತಡವರಿಸಿದರೆ ಮೊದಲು ಮಾತಿನ ಇಂಗ್ಲಿಷ್ ಬೆಳೆಯಬೇಕು, ನೋಟ್‌ಬುಕ್ ತುಂಬಿಸಿ ಪ್ರಯೋಜನವಿಲ್ಲ. ನೋಡಿ ಬರೆಯುವುದೇ ಬಹಳ ನಿಧಾನವಾದರೆ ತೊಂದರೆ ಕೈಯಲ್ಲಿದೆ. ಕನ್ನಡದಲ್ಲಿಯೂ ಅದೇ ಅರ್ಧ ವಾಕ್ಯ, ಅದೇ ಬಿಟ್ಟ ಪದ ಕಂಡರೆ ಮಾತು ಬೇರೆ, ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಕನ್ನಡದ ಬರಹ ನೋಡುವಾಗ ಒಂದು ಎಚ್ಚರ. ನಮ್ಮ ಕಡೆ ಮನೆಯಲ್ಲಿ ಕನ್ನಡವೇ ಆಡುವ ಹುಡುಗನೂ ಬರೆಯುವಾಗ ಎರಡು ಭಾಷೆಯವನೇ. ಬಾಯಲ್ಲಿ "ಬರಾಕತ್ಯಾನ", ಪುಸ್ತಕದಲ್ಲಿ "ಬರುತ್ತಿದ್ದಾನೆ". ಅವನೂ ಪ್ರತಿ ಸಾಲಿಗೂ ಒಂದಿಷ್ಟು ಅನುವಾದ ಮಾಡಿಯೇ ಬರೆಯುತ್ತಾನೆ, ಯಾರೂ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಗ್ರಾಂಥಿಕ ರೂಪ ತಪ್ಪಿದ್ದಕ್ಕೆ ಮಗಳ ಕನ್ನಡವೂ ಕೆಟ್ಟಿದೆ ಎಂದು ಅಂಜಬೇಡಿ.

ಮುಂದಿನ ದಾರಿಗಳಲ್ಲಿ ನನಗೆ ಹೆಚ್ಚು ಭರವಸೆ ಇರುವುದು ಒಂದು ಸಣ್ಣ ಉಪಾಯದ ಮೇಲೆ: ಒಂದೇ ಗಳಿಗೆಯಲ್ಲಿ ಬೀಳುವ ಹೊರೆಯನ್ನು ಬೇರೆ ಬೇರೆ ಗಳಿಗೆಗೆ ಹಂಚುವುದು. ಮೊದಲು ಏನು ಹೇಳಬೇಕು ಎಂಬುದನ್ನು ತೆಲುಗಿನಲ್ಲೇ ಗುರುತು ಹಾಕಿಕೊಳ್ಳಲಿ. ಅವಳಿಗೆ ತೆಲುಗು ಲಿಪಿ ಬಾರದಿರಬಹುದು, ಚಿಂತೆಯಿಲ್ಲ, ಕನ್ನಡ ಅಕ್ಷರದಲ್ಲೇ ಬರೆಯಲಿ: ಆಕು, ಎಂಡ, ನೀಳ್ಳು, ಗಾಲಿ (ಎಲೆ, ಬಿಸಿಲು, ನೀರು, ಗಾಳಿ). ನಾಲ್ಕು ಪದ, ಒಂದರ ಕೆಳಗೆ ಒಂದು. ಅಕ್ಕತಂಗಿ ಲಿಪಿಗಳು, ತೆಲುಗಿಗೆ ಕನ್ನಡ ಅಕ್ಷರ ಸರಿಯಾಗಿ ಹೊಂದುತ್ತದೆ. ಈಗ ಮರೆಯುವ ಭಯ ಕಾಗದಕ್ಕೆ ಹೋಯಿತು, ತಲೆ ಖಾಲಿಯಾಯಿತು. ಆಮೇಲೆ ಪ್ರತಿ ಪದಕ್ಕೂ ಒಂದು ಇಂಗ್ಲಿಷ್ ವಾಕ್ಯ, ಗಿಡ್ಡದು. ಸ್ಪೆಲಿಂಗ್ ತಿಳಿಯದಿದ್ದರೆ ಅಡಿಗೆರೆ ಎಳೆದು ಮುಂದೆ ಹೋಗಲಿ, ಕೊನೆಯಲ್ಲಿ ಬಂದು ತಿದ್ದಲಿ. ಜಪಾನಿನ 48 ಕಾಲೇಜು ವಿದ್ಯಾರ್ಥಿಗಳ ಮೇಲೆ ಕೊಬಯಾಶಿ ಮತ್ತು ರಿನರ್ಟ್ ನಡೆಸಿದ ಅಧ್ಯಯನ 1992ರಲ್ಲಿ ಬಂತು. ಮೊದಲು ಜಪಾನಿ ಭಾಷೆಯಲ್ಲಿ ಬರೆದು ಆಮೇಲೆ ಇಂಗ್ಲಿಷಿಗೆ ತಂದಾಗ ಇಂಗ್ಲಿಷ್ ಕಡಿಮೆ ಬಲ್ಲವರ ಬರಹ ಸುಧಾರಿಸಿತು. ಚೆನ್ನಾಗಿ ಬಲ್ಲವರಿಗೆ ಅಷ್ಟು ಲಾಭವಾಗಲಿಲ್ಲ, ತಪ್ಪುಗಳು ಕೂಡ ಹೆಚ್ಚಿದವು.

ಈ ದಾರಿಯ ಅಪಾಯವೂ ಅಲ್ಲೇ ಇದೆ. ಇಡೀ ಉತ್ತರವನ್ನು ತೆಲುಗಿನಲ್ಲಿ ಬರೆದು ಅನುವಾದಿಸುವ ರೂಢಿ ಬಿದ್ದರೆ ಪರೀಕ್ಷೆಯಲ್ಲಿ ಹೊತ್ತು ಸಾಲದು. ಆದ್ದರಿಂದ ಗುರುತಿನ ಪದಗಳಷ್ಟೇ. ಇಂಗ್ಲಿಷ್ ಮಾಗಿದಂತೆ ಆ ಗುರುತುಗಳೂ ತಾವೇ ಇಂಗ್ಲಿಷಿಗೆ ತಿರುಗುತ್ತವೆ. ನನ್ನದೂ ಹಾಗೇ ಆಯಿತು. ಕನ್ನಡ ಮಾಧ್ಯಮದಿಂದ ಹೋಗಿ ಪದವಿಯ ಮೊದಲ ವರ್ಷ ಇಂಗ್ಲಿಷಿನಲ್ಲಿ ಬರೆದ ಉತ್ತರಪತ್ರಿಕೆಯನ್ನು ಉಪನ್ಯಾಸಕರೊಬ್ಬರು ತರಗತಿಯ ಮುಂದೆ ಎತ್ತಿ ಹಿಡಿದು "ಇದರ ಉಳಿದರ್ಧ ಎಲ್ಲಿ?" ಎಂದಿದ್ದರು. ಉಳಿದರ್ಧ ನನ್ನ ತಲೆಯಲ್ಲಿ ಕನ್ನಡದಲ್ಲಿತ್ತು. ಆಮೇಲೆ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಕನ್ನಡ ಪದ ಬರೆದಿಟ್ಟುಕೊಳ್ಳಲು ಶುರು ಮಾಡಿದೆ. ಮೂರನೇ ವರ್ಷಕ್ಕೆ ಅದು ಬೇಕೆನಿಸಲಿಲ್ಲ.

ಮೊಬೈಲ್ ಕೂಡ ನೆರವಾಗುತ್ತದೆ. ಉತ್ತರವನ್ನು ಇಂಗ್ಲಿಷಿನಲ್ಲಿ ಹೇಳಿ ರೆಕಾರ್ಡ್ ಮಾಡಿ, ಒಂದೊಂದೇ ವಾಕ್ಯ ನಿಲ್ಲಿಸಿ ಕೇಳಿ ಬರೆಯಲಿ. ದಿನಕ್ಕೆ ಹತ್ತು ನಿಮಿಷ ಸಾಕು. ಪಾಠಪುಸ್ತಕದಲ್ಲಿ ಪದೇ ಪದೇ ಬರುವ ವಾಕ್ಯಗಳ ಅಚ್ಚನ್ನು ಕೂಡ ಕೈಗೆ ಕೂರಿಸಬಹುದು. ಕಾರಣ ಹೇಳುವ ವಾಕ್ಯ, ಹೋಲಿಸುವ ವಾಕ್ಯ, ವ್ಯಾಖ್ಯೆಯ ವಾಕ್ಯ. ಆದರೆ ಗೈಡ್ ಉರುಹೊಡೆಸುವುದನ್ನು ಇದರೊಂದಿಗೆ ಕಲೆಸಬೇಡಿ. ಇಡೀ ಉತ್ತರ ಬಾಯಿಪಾಠ ಮಾಡಿದ ಮಗು ನಡುವೆ ಒಂದು ಪದ ಮರೆತರೆ ಅಲ್ಲೇ ನಿಲ್ಲುತ್ತದೆ.

ಮೀಡಿಯಂ ಬದಲಾಯಿಸುವುದು? ಕನ್ನಡದ ಬರಹ ಸರಾಗವಾಗಿದ್ದರೆ ಅದು ಮೂರ್ಖತನವೇನಲ್ಲ. ಅರ್ಥವಾದದ್ದನ್ನು ಪೂರ್ತಿ ಬರೆಯುವ ಸುಖ ಮಗುವಿಗೆ ಮತ್ತೆ ಸಿಗುತ್ತದೆ. ಆದರೆ ಒಂಬತ್ತರ ನಡುವೆ ಬದಲಿಸಿದರೆ ಎಂಟರಿಂದ ಇಂಗ್ಲಿಷಿನಲ್ಲಿ ಕಲಿತ ಪಾರಿಭಾಷಿಕ ಪದಗಳನ್ನೆಲ್ಲ ಮತ್ತೆ ಕಲಿಯಬೇಕು. ಫೋಟೋಸಿಂಥೆಸಿಸ್‌ಗೆ ಕನ್ನಡದಲ್ಲಿರುವ ದ್ಯುತಿಸಂಶ್ಲೇಷಣೆ ಎಂಬ ಪದವೇನೂ ಹಗುರವಲ್ಲ. ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡರೆ ಇದೇ ತಿರುವು ಇನ್ನೊಮ್ಮೆ ಎದುರಾಗುತ್ತದೆ. ಹೊಸ ಭಾಷೆಯಲ್ಲಿ ಮಾತುಕತೆ ಎರಡು ವರ್ಷದಲ್ಲಿ ಕೂಡಿ ಬಂದರೂ ಪಾಠದ ಭಾಷೆ ಮಾಗಲು ಐದರಿಂದ ಏಳು ವರ್ಷ ಬೇಕು ಎಂಬುದು ಕೆನಡಾದ ಜಿಮ್ ಕಮಿನ್ಸ್ ವಲಸೆ ಬಂದ ಮಕ್ಕಳಲ್ಲಿ ಕಂಡದ್ದು. ಅವಳಿಗಿನ್ನೂ ಎರಡು ವರ್ಷವೂ ತುಂಬಿಲ್ಲ. ಎಂಟರಲ್ಲಿ ಬದಲಾಯಿಸುವ ಮುಂಚೆ ನನ್ನನ್ನು ಕೇಳಿದ್ದರೆ ಬೇಡ ಎನ್ನುತ್ತಿದ್ದೆ, ಈಗ ಹಿಂದಕ್ಕೆ ತಿರುಗಿಸಿ ಎನ್ನಲು ಮನಸ್ಸು ಬರುವುದಿಲ್ಲ. ಅವಳನ್ನೇ ಕೇಳಿ. ಹದಿನಾಲ್ಕು ವರ್ಷದವಳಿಗೆ ತನ್ನ ಅಭಿಪ್ರಾಯ ಇರುತ್ತದೆ, ಮನೆಯಲ್ಲಿ ಯಾರೂ ಕೇಳಿರುವುದಿಲ್ಲ.

ತೆಲುಗು ನಿಲ್ಲಿಸುವ ದಾರಿಯ ಅಪಾಯ ನಿಮ್ಮ ಪತ್ರದಲ್ಲೇ ಇದೆ. ನೀವು ಮನೆಯಲ್ಲಿ ಆಡುವ ಹರಕು ಇಂಗ್ಲಿಷಿನಲ್ಲಿ ಕಾರಣ ಕೊಡುವುದು, ವಾದ ಮಾಡುವುದು, ಕಥೆ ಹೇಳುವುದು ಯಾವುದೂ ಆಗುವುದಿಲ್ಲ. ಉದ್ದನೆಯ ಮಾತನ್ನು ಕಟ್ಟುವ ಅಭ್ಯಾಸ ಅಜ್ಜಿಯ ಜೊತೆ ಆಗುತ್ತಿತ್ತು, ಅದೇ ಮುಂದೆ ಬರಹಕ್ಕೆ ಬರುವ ಬಂಡವಾಳ.

ಟಾನಿಕ್ ಬೇಡ. ನೆನಪು ಬೆಳೆಸುತ್ತೇವೆ ಎನ್ನುವ ಮೊಬೈಲ್ ಆಟ, ಕ್ಲಾಸುಗಳೂ ಬೇಡ. ಅಂಥ ತರಬೇತಿಯ ಅಧ್ಯಯನಗಳನ್ನು 2013ರಲ್ಲಿ ಒಟ್ಟು ಮಾಡಿ ನೋಡಿದಾಗ ಮಕ್ಕಳು ಆ ಆಟದಲ್ಲಿ ಚುರುಕಾದರೇ ಹೊರತು ಓದಿನಲ್ಲಿ, ಲೆಕ್ಕದಲ್ಲಿ ಅದರ ಲಾಭ ಕಾಣಲಿಲ್ಲ. ಆ ದುಡ್ಡಿನಲ್ಲಿ ಅವಳಿಗೆ ಇಷ್ಟವಾಗುವ ಸುಲಭ ಇಂಗ್ಲಿಷ್ ಕಥೆಪುಸ್ತಕ ಕೊಡಿಸಿ.

ಕೊನೆಯ ಮಾತು ಸ್ವಲ್ಪ ಗಂಭೀರ. ಕನ್ನಡದಲ್ಲಿಯೂ ಬರಹ ಹೀಗೇ ಒಡೆಯುತ್ತಿದ್ದರೆ, ಮೂರು ನಾಲ್ಕನೇ ತರಗತಿಯಲ್ಲೇ ಒತ್ತಕ್ಷರ, ಗುಣಿತಾಕ್ಷರ ತಪ್ಪುತ್ತಿದ್ದರೆ, ಓದುವಾಗಲೂ ಸಾಲು ಹಾರಿಸುತ್ತಿದ್ದರೆ ಕಲಿಕೆಯ ನ್ಯೂನತೆ ಇರಬಹುದು. ಅದು ಎಲ್ಲ ಭಾಷೆಯಲ್ಲೂ ಬೇರೆ ಬೇರೆ ಮಟ್ಟಿಗೆ ಕಾಣಿಸುತ್ತದೆ. ಒಂದು ಭಾಷೆ ಬಿಡಿಸಿದರೆ ಹೋಗುವುದಿಲ್ಲ. ಎರಡು ಭಾಷೆಯ ನೆಪ ಹೇಳಿ ಅದನ್ನು ವರ್ಷಗಟ್ಟಲೆ ಮುಂದೂಡಿದ ಮನೆಗಳನ್ನೂ ನೋಡಿದ್ದೇನೆ, ಅದು ಇನ್ನೊಂದು ತುದಿಯ ತಪ್ಪು. ಮೊದಲು ಕಣ್ಣು, ಕಿವಿ ತೋರಿಸಿ. ಹದಿನೆಂಟು ವರ್ಷದವರೆಗಿನ ಮಕ್ಕಳಿಗಾಗಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವಿದೆ, ಅದರ ಮೂಲಕ ಮುಂದಿನ ತಪಾಸಣೆಗೆ ಕಳಿಸುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ನ್ಯೂನತೆಗಳಲ್ಲಿ ಕಲಿಕೆಯ ನ್ಯೂನತೆಯೂ ಸೇರಿದೆ. ಪ್ರಮಾಣಪತ್ರ ಇದ್ದರೆ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಹೆಚ್ಚಿನ ಸಮಯದಂಥ ಸೌಲಭ್ಯ ಕೇಳಬಹುದು. ಓಡಾಟಕ್ಕೆ ತಿಂಗಳುಗಳೇ ಹಿಡಿಯುತ್ತವೆ, ಆದ್ದರಿಂದ ಅನುಮಾನ ಬಂದರೆ ಹತ್ತನೇ ತರಗತಿವರೆಗೆ ಕಾಯಬೇಡಿ.

ಮನೆಯ ಪರೀಕ್ಷೆ ಮುಗಿದ ಮೇಲೂ ಗೊಂದಲ ಉಳಿದರೆ ಬಳ್ಳಾರಿಗೆ ಬನ್ನಿ. ಬರುವಾಗ ಏಳನೇ ತರಗತಿಯ ಒಂದು ಕನ್ನಡ ನೋಟ್‌ಬುಕ್, ಈಗಿನ ಒಂದು ವಿಜ್ಞಾನದ ನೋಟ್‌ಬುಕ್ ತನ್ನಿ. ಅತ್ತೆಯವರನ್ನೂ ಕರೆತನ್ನಿ. ನನಗೆ ತೆಲುಗು ಬರುತ್ತದೆ.